ಸಣ್ಣ ವಿಮಾನದ ಫಲಕಕ್ಕೆ ರೇಡಿಯೊ ಬಂದ ಬಗೆ

ಎರಡರಿಂದ ಆರು ಜನ ಕೂರುವ ಲಘು ವಿಮಾನದ ಉಪಕರಣ ಫಲಕದಲ್ಲಿ ರೇಡಿಯೊಗೆ ಗೊತ್ತಾದ ಜಾಗವೊಂದಿದೆ. ಪೈಲಟ್‌ನ ನೇರ ಎದುರಿಗೆ ವೇಗ, ಎತ್ತರ, ದಿಕ್ಕು, ವಾಲುವಿಕೆ ತೋರಿಸುವ ಉಪಕರಣಗಳಿರುತ್ತವೆ. ಅವುಗಳ ಬಲಕ್ಕೆ, ಫಲಕದ ನಡುಭಾಗದಲ್ಲಿ, ಒಂದರ ಕೆಳಗೊಂದರಂತೆ ರೇಡಿಯೊ ಪೆಟ್ಟಿಗೆಗಳು ಕೂತಿರುತ್ತವೆ. ವಿಮಾನ ದುರಸ್ತಿಯವರು ‘ರೇಡಿಯೊ ಸ್ಟ್ಯಾಕ್’ ಎಂದು ಕರೆಯುವ ಈ ಸಾಲಿನ ಅಗಲ 6.25 ಇಂಚು, ಅಂದರೆ ಸುಮಾರು 159 ಮಿಲಿಮೀಟರ್. ಇಷ್ಟು ಸರಳವಾಗಿ ಕಾಣುವ ಏರ್ಪಾಡು ನೆಲೆಗೊಳ್ಳಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಎಂಜಿನ್ ಎಬ್ಬಿಸುವ ವಿದ್ಯುತ್ ಗದ್ದಲ, ಬ್ಯಾಟರಿಯ ಬಡತನ, ಪೆಟ್ಟಿಗೆಗಳ ತೂಕ, ಒಬ್ಬನೇ ಪೈಲಟ್‌ನ ಎರಡೇ ಕೈ: ಈ ನಾಲ್ಕು ಮಿತಿಗಳೊಳಗೆ ಎಂಜಿನಿಯರ್‌ಗಳೂ ಮೆಕ್ಯಾನಿಕ್‌ಗಳೂ ದಾರಿ ಹುಡುಕಿಕೊಂಡು ಬಂದದ್ದೇ ಈ ಕಸುಬಿನ ಚರಿತ್ರೆ.

ಇಳಿಬಿಟ್ಟ ತಂತಿಯ ಕಾಲ

1910ರ ಆಗಸ್ಟ್ 27ರಂದು ನ್ಯೂಯಾರ್ಕ್ ಬಳಿಯ ಶೀಪ್ಸ್‌ಹೆಡ್ ಬೇ ಎಂಬಲ್ಲಿ ಜೇಮ್ಸ್ ಮೆಕರ್ಡಿ ಎಂಬ ಕೆನಡಾದ ವೈಮಾನಿಕ ಹಾರುತ್ತಿರುವ ವಿಮಾನದಿಂದ ಮೊದಲ ರೇಡಿಯೊ ಸಂದೇಶ ಕಳಿಸಿದ. ಅವನ ಕರ್ಟಿಸ್ ವಿಮಾನಕ್ಕೆ ಫಲಕವೆಂಬುದೇ ಇರಲಿಲ್ಲ. ಹ್ಯಾರಿ ಹಾರ್ಟನ್ ತಯಾರಿಸಿದ ಪ್ರೇಷಕದ ಮೋರ್ಸ್ ಕೀಲಿಯನ್ನು ಚುಕ್ಕಾಣಿ ಚಕ್ರಕ್ಕೇ ಕಟ್ಟಲಾಗಿತ್ತು. ಚಕ್ರ ಹಿಡಿದ ಕೈಯಿಂದಲೇ ಸಂದೇಶ ಕುಟ್ಟಬೇಕು. ಹಾರಿಸುವವನ ಕೈ ಎಲ್ಲಿರುತ್ತದೋ ರೇಡಿಯೊದ ಹಿಡಿಕೆಯೂ ಅಲ್ಲೇ ಇರಬೇಕೆಂಬ ತತ್ವ ಮೊದಲ ದಿನವೇ ಹೀಗೆ ಆಚರಣೆಗೆ ಬಂತು.

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್ ಫಿರಂಗಿ ಗುಂಡುಗಳು ಎಲ್ಲಿ ಬೀಳುತ್ತಿವೆ ಎಂದು ಮೇಲಿನಿಂದ ತಿಳಿಸಲು ಸ್ಪಾರ್ಕ್ ಪ್ರೇಷಕಗಳನ್ನು ಬಳಸಿತು. ಇವುಗಳಿಗೆ ಸುಮಾರು 120 ಅಡಿ ಉದ್ದದ ವಾಯುತಂತಿ ಬೇಕಿತ್ತು. ವಿಮಾನ ಮೇಲೇರಿದ ನಂತರ ತುದಿಗೆ ಸೀಸದ ಗುಂಡು ಕಟ್ಟಿದ ತಂತಿಯನ್ನು ರಾಟೆಯಿಂದ ಹೊರಕ್ಕೆ ಬಿಚ್ಚಿ, ಇಳಿಯುವ ಮುನ್ನ ಮತ್ತೆ ಸುತ್ತಿಕೊಳ್ಳಬೇಕಿತ್ತು. ವಿಮಾನದಲ್ಲಿ ಇದ್ದದ್ದು ಪ್ರೇಷಕ ಮಾತ್ರ. ನೆಲದವರು ಉತ್ತರ ಕೊಡುವುದಾದರೆ ಬಯಲಿನಲ್ಲಿ ಬಟ್ಟೆಯ ಪಟ್ಟಿಗಳನ್ನು ಹಾಸಿ ತೋರಿಸುತ್ತಿದ್ದರು. 1915ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಚಾರ್ಲ್ಸ್ ಪ್ರಿನ್ಸ್ ಮತ್ತು ಸಂಗಡಿಗರು ವಿಮಾನ ಮತ್ತು ನೆಲದ ನಡುವೆ ಧ್ವನಿ ಸಂಪರ್ಕದ ಪ್ರಯೋಗಗಳನ್ನು ನಡೆಸಿದ ಮೇಲೆ ಕೀಲಿ ಕುಟ್ಟದೆ ಬಾಯಿಂದಲೇ ಮಾತನಾಡುವ ದಾರಿ ತೆರೆಯಿತು. ಆದರೂ ಈ ಉಪಕರಣಗಳು ಎಷ್ಟು ದೊಡ್ಡವೆಂದರೆ, ಅವನ್ನು ಆಸನದ ಪಕ್ಕಕ್ಕೋ ಹಿಂದಕ್ಕೋ ಕಟ್ಟುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಖಾಸಗಿ ವಿಮಾನಗಳು ಇದಾದ ಮೇಲೂ ಬಹುಕಾಲ ರೇಡಿಯೊ ಇಲ್ಲದೆಯೇ ಹಾರಿದವು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆ ಹೊತ್ತು ತಂದ ಪಸ್ ಮಾತ್ ವಿಮಾನದಲ್ಲಿ ರೇಡಿಯೊ ಇರಲಿಲ್ಲ. ಅದೇ ಅಂಚೆಯನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದ. ಹೊಳೆ, ರೈಲುಹಳಿ, ಬೆಟ್ಟಗಳ ಗುರುತು ನೋಡಿಕೊಂಡು ಹಾರುವುದೇ ಆ ಕಾಲದ ಪದ್ಧತಿ.

ಕಿವಿಯಿಂದ ದಾರಿ ಹುಡುಕಿದ ದಶಕಗಳು

ರೇಡಿಯೊ ಫಲಕದ ಕಡೆಗೆ ಸರಿಯಲು ಮುಖ್ಯ ಕಾರಣ ಮಾತುಕತೆಗಿಂತ ದಾರಿ ಹುಡುಕುವ ಅಗತ್ಯ. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಮಿಚೆಲ್ ಫೀಲ್ಡ್‌ನಲ್ಲಿ ಜೇಮ್ಸ್ ಡೂಲಿಟಲ್ ಹೊರಗಿನದೇನೂ ಕಾಣದಂತೆ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕೂತು ಮೇಲೇರಿ, ಸುತ್ತು ಹಾಕಿ, ಇಳಿದು ತೋರಿಸಿದ. ಅವನ ಫಲಕದಲ್ಲಿ ಕೋಲ್ಸ್‌ಮನ್ ತಯಾರಿಸಿದ ಸೂಕ್ಷ್ಮ ಎತ್ತರಮಾಪಕವೂ ಸ್ಪೆರಿಯವರ ಗೈರೊ ಉಪಕರಣಗಳೂ ಇದ್ದವು. ಇವುಗಳ ಜೊತೆಗೆ ರೇಡಿಯೊ ದಾರಿದೀಪದ ಸಂಕೇತವನ್ನು ಕಣ್ಣಿಗೆ ಕಾಣಿಸುವ ಒಂದು ಉಪಕರಣವೂ ಇತ್ತು. ಅದರಲ್ಲಿ ಎರಡು ಲೋಹದ ನಾಲಿಗೆಗಳು ಕಂಪಿಸುತ್ತಿದ್ದವು. ಎರಡೂ ಸಮನಾಗಿ ಕಂಪಿಸಿದರೆ ವಿಮಾನ ದಾರಿಯಲ್ಲಿದೆ, ಒಂದು ಹೆಚ್ಚು ಕಂಪಿಸಿದರೆ ಪಕ್ಕಕ್ಕೆ ಸರಿದಿದೆ ಎಂದರ್ಥ. ರೇಡಿಯೊ ಅಲೆಯನ್ನು ಫಲಕದ ಮೇಲಿನ ಒಂದು ನೋಟವಾಗಿ ಮಾರ್ಪಡಿಸಿದ್ದು ಮುಂದಿನ ಎಲ್ಲ ಬೆಳವಣಿಗೆಗೂ ತಳಪಾಯ.

ಸಾಮಾನ್ಯ ಪೈಲಟ್‌ಗೆ ಸಿಕ್ಕಿದ್ದು ಇದಕ್ಕಿಂತ ಸರಳವಾದ ವ್ಯವಸ್ಥೆ. 1920ರ ದಶಕದ ಕೊನೆಯಿಂದ ಅಮೆರಿಕದ ಉದ್ದಗಲಕ್ಕೂ ನಾಲ್ಕು ದಿಕ್ಕಿಗೆ ದಾರಿ ತೋರಿಸುವ ರೇಡಿಯೊ ಕೇಂದ್ರಗಳು ತಲೆಯೆತ್ತಿದವು. ಅವು ಕೆಲವು ಭಾಗಗಳಿಗೆ ಮೋರ್ಸ್ ಲಿಪಿಯ ‘ಎ’ ಅಕ್ಷರವನ್ನೂ ಉಳಿದ ಭಾಗಗಳಿಗೆ ‘ಎನ್’ ಅಕ್ಷರವನ್ನೂ ಪ್ರಸಾರ ಮಾಡುತ್ತಿದ್ದವು. ಎರಡೂ ಸಮನಾಗಿ ಕೇಳುವ ಗೆರೆಯ ಮೇಲೆ ಅವು ಬೆಸೆದುಕೊಂಡು ಎಡೆಬಿಡದ ಒಂದೇ ನಾದವಾಗುತ್ತಿದ್ದವು. ಆ ನಾದವೇ ದಾರಿ. ಇದನ್ನು ಕೇಳಲು ದೀರ್ಘತರಂಗದ ಒಂದು ಗ್ರಾಹಕ, ಒಂದು ಜೊತೆ ಹೆಡ್‌ಫೋನ್ ಸಾಕಿತ್ತು. ಹಾಗಾಗಿ ಸಣ್ಣ ವಿಮಾನಕ್ಕೆ ಮೊದಲು ಬಂದದ್ದು ಕೇಳುವ ಪೆಟ್ಟಿಗೆ. ಮಾತಾಡುವ ಪೆಟ್ಟಿಗೆ ಆಮೇಲೆ ಬಂತು. 1930ರಲ್ಲಿ ಕ್ಲೀವ್‌ಲ್ಯಾಂಡ್ ವಿಮಾನ ನಿಲ್ದಾಣದ ಗೋಪುರದಲ್ಲಿ ರೇಡಿಯೊ ನಿಯಂತ್ರಣ ಶುರುವಾದ ಮೇಲೆ ಪ್ರೇಷಕದ ಅಗತ್ಯವೂ ಬೆಳೆಯಿತು. ಪೈಲಟ್ 3105 ಕಿಲೋಹರ್ಟ್ಸ್‌ನಲ್ಲಿ ಮಾತಾಡಿ, ಗೋಪುರದ ಉತ್ತರವನ್ನು 278 ಕಿಲೋಹರ್ಟ್ಸ್‌ನಂಥ ತೀರಾ ಬೇರೆಯೇ ಆವರ್ತನದಲ್ಲಿ ಕೇಳಿಸಿಕೊಳ್ಳುವುದು ಬಹಳ ವರ್ಷ ರೂಢಿಯಲ್ಲಿತ್ತು.

ಈ ಕಾಲದಲ್ಲಿ ರೇಡಿಯೊ ಕೂರಿಸುವವರನ್ನು ಹೆಚ್ಚು ಕಾಡಿದ್ದು ಎಂಜಿನ್. ಕಿಡಿಗೆ ವಿದ್ಯುತ್ ಒದಗಿಸುವ ಮ್ಯಾಗ್ನೆಟೊದಿಂದ ಸ್ಪಾರ್ಕ್ ಪ್ಲಗ್‌ಗೆ ಹೋಗುವ ಒಂದೊಂದು ಕಿಡಿಯೂ ಒಂದು ಪುಟ್ಟ ಪ್ರಸಾರ. ಎಂಜಿನ್ ಓಡುವಾಗ ಹೆಡ್‌ಫೋನ್‌ನಲ್ಲಿ ಕೇಂದ್ರದ ನಾದಕ್ಕಿಂತ ಕಿಡಿಗಳ ಚಟಪಟವೇ ಜೋರು. ಇದಕ್ಕೆ ಪರಿಹಾರವಾಗಿ ಪ್ಲಗ್‌ಗಳಿಗೂ ಅವುಗಳ ತಂತಿಗಳಿಗೂ ಮ್ಯಾಗ್ನೆಟೊಗೂ ಲೋಹದ ಕವಚ ತೊಡಿಸಲಾಯಿತು. ವಿಮಾನದ ಲೋಹದ ಭಾಗಗಳನ್ನೆಲ್ಲ ಒಂದಕ್ಕೊಂದು ತಾಮ್ರದ ಹೆಣೆದ ಪಟ್ಟಿಗಳಿಂದ ಬೆಸೆದು, ಸಡಿಲ ಕೀಲುಗಳಲ್ಲಿ ಹುಟ್ಟುವ ಗದ್ದಲವನ್ನು ತಡೆಯಲಾಯಿತು. ಕೆಲಸದ ದೊಡ್ಡ ಪಾಲು ಹೀಗೆ ಎಂಜಿನ್ ಗೂಡಿನಲ್ಲೇ ನಡೆಯುತ್ತಿತ್ತು.

ಎರಡನೆಯ ತೊಡಕು ವಿದ್ಯುತ್ತಿನದು. ಜನಪ್ರಿಯ ಪೈಪರ್ ಜೆ-3 ಕಬ್‌ನಂಥ ವಿಮಾನದಲ್ಲಿ ವಿದ್ಯುತ್ ವ್ಯವಸ್ಥೆಯೇ ಇರಲಿಲ್ಲ. ಎಂಜಿನ್ ಚಾಲೂ ಮಾಡಲು ಪ್ರೊಪೆಲರ್ ಅನ್ನು ಕೈಯಿಂದ ತಿರುಗಿಸಬೇಕಿತ್ತು. ಅಂಥ ವಿಮಾನಗಳಿಗೆ ಒಣ ಬ್ಯಾಟರಿಯಿಂದ ನಡೆಯುವ ಸೆಟ್‌ಗಳೇ ಗತಿ. ಬ್ಯಾಟರಿ ಮತ್ತು ಜನರೇಟರ್ ಇದ್ದ ವಿಮಾನಗಳಲ್ಲೂ ಸಿಗುತ್ತಿದ್ದದ್ದು 12 ವೋಲ್ಟ್. ರೇಡಿಯೊದೊಳಗಿನ ವಾಲ್ವ್‌ಗಳು ನಡೆಯಲು ಬೇಕಾದದ್ದು ನೂರಾರು ವೋಲ್ಟ್. ಒತ್ತಡ ಏರಿಸಲು ಡೈನಮೋಟರ್ ಎಂಬ ತಿರುಗುವ ಯಂತ್ರವನ್ನೋ, ವೈಬ್ರೇಟರ್ ಎಂಬ ಕಂಪಿಸುವ ಸ್ವಿಚ್ಚನ್ನೋ ಬಳಸುತ್ತಿದ್ದರು. ಇವು ಭಾರವಾದವು, ಬಿಸಿಯಾಗುವವು, ಸದ್ದು ಮಾಡುವವು. ಆದ್ದರಿಂದ ಭಾರದ ಪೆಟ್ಟಿಗೆಗಳನ್ನು ಆಸನದ ಕೆಳಗೋ ಬಾಲದ ಕಡೆಗೋ ಇಟ್ಟು, ಫಲಕದಲ್ಲಿ ನಿಯಂತ್ರಣದ ಹಿಡಿಕೆಯನ್ನು ಮಾತ್ರ ಉಳಿಸಿಕೊಂಡರು. ನ್ಯೂಜೆರ್ಸಿಯ ಬೂಂಟನ್‌ನಲ್ಲಿದ್ದ ಏರ್‌ಕ್ರಾಫ್ಟ್ ರೇಡಿಯೊ ಕಾರ್ಪೊರೇಷನ್ ರೂಪಿಸಿದ ಸೆಟ್‌ಗಳು ಇದಕ್ಕೆ ಒಳ್ಳೆಯ ಮಾದರಿ. ಫಲಕದ ಮೇಲಿನ ಸಣ್ಣ ಹಿಡಿಕೆಯನ್ನು ತಿರುಗಿಸಿದರೆ, ಬಾಗುವ ಉಕ್ಕಿನ ಕೇಬಲ್ಲೊಂದು ದೂರದಲ್ಲಿದ್ದ ಗ್ರಾಹಕದೊಳಗಿನ ಕೆಪಾಸಿಟರನ್ನು ತಿರುಗಿಸುತ್ತಿತ್ತು. ಕಾಫಿ ಬೀಜ ಪುಡಿ ಮಾಡುವ ಕೈಯಂತ್ರದ ಹೆಸರನ್ನೇ ಪೈಲಟ್‌ಗಳು ಇದಕ್ಕೆ ಇಟ್ಟಿದ್ದರು.

ಇದೇ ಕಾಲದಲ್ಲಿ ಬಿಲ್ ಲಿಯರ್ ಮುಂತಾದವರು ರೇಡಿಯೊ ದಿಕ್ಸೂಚಿಯನ್ನು ಸಣ್ಣ ವಿಮಾನದ ಅಳತೆಗೆ ತಂದರು. ಮೊದಮೊದಲು ಬಳೆಯಾಕಾರದ ಆಂಟೆನಾವನ್ನು ಪೈಲಟ್ ಕೈಯಿಂದ ತಿರುಗಿಸಿ, ದನಿ ಅಡಗುವ ದಿಕ್ಕನ್ನು ಕಂಡುಕೊಳ್ಳಬೇಕಿತ್ತು. ಸ್ವಯಂಚಾಲಿತ ದಿಕ್ಸೂಚಿ ಬಂದ ನಂತರ ಫಲಕದ ಮುಳ್ಳು ತಾನಾಗಿಯೇ ಕೇಂದ್ರದ ಕಡೆ ತಿರುಗತೊಡಗಿತು. ಮಧ್ಯಮ ತರಂಗದ ಸಾಮಾನ್ಯ ಪ್ರಸಾರ ಕೇಂದ್ರಗಳನ್ನೂ ಇದು ಹಿಡಿಯಬಲ್ಲದು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಕೂಡ ಈ ಉಪಕರಣದ ಹರವಿನೊಳಗೇ ಬರುತ್ತದೆ.

ವಿಎಚ್‌ಎಫ್ ತಂದ ತಿರುವು

ಎರಡನೆಯ ಮಹಾಯುದ್ಧ ರೇಡಿಯೊವನ್ನು ಮೇಲಿನ ಆವರ್ತನಗಳಿಗೆ ಒಯ್ದಿತು. ಬ್ರಿಟಿಷ್ ವಿನ್ಯಾಸದಿಂದ ಬೆಳೆದ ಎಸ್‌ಸಿಆರ್-522 ಸೆಟ್‌ನಲ್ಲಿ ಹರಳುಗಳಿಂದ ನಿಶ್ಚಿತಗೊಳಿಸಿದ ನಾಲ್ಕು ಚಾನೆಲ್‌ಗಳಿದ್ದವು. ಯುದ್ಧವಿಮಾನದ ಪೈಲಟ್ ಒಂದು ಗುಂಡಿ ಒತ್ತಿದರೆ ಚಾನೆಲ್ ಬದಲಾಗುತ್ತಿತ್ತು. ಯುದ್ಧ ಮುಗಿದ ಮೇಲೆ ನಾಗರಿಕ ವಿಮಾನಗಳ ಮಾತುಕತೆಯೂ 118 ಮೆಗಾಹರ್ಟ್ಸ್‌ನಿಂದ ಮೇಲಿನ ವಿಎಚ್‌ಎಫ್ ಪಟ್ಟಿಗೆ ಸಾಗಿತು.

ಇದರಿಂದ ಸಣ್ಣ ವಿಮಾನಕ್ಕೆ ಆದ ಲಾಭ ದೊಡ್ಡದು. ಈ ಅಲೆಗಳ ಕಾಲು ಭಾಗದ ಉದ್ದ ಸುಮಾರು 60 ಸೆಂಟಿಮೀಟರ್. ಹಿಂದೆ ನೂರಕ್ಕೂ ಹೆಚ್ಚು ಅಡಿ ತಂತಿ ಇಳಿಬಿಡುತ್ತಿದ್ದ ಜಾಗದಲ್ಲಿ ಈಗ ಮಾಡಿನ ಮೇಲೆ ಒಂದು ಮೊಳದಷ್ಟು ಸರಳು ನಿಲ್ಲಿಸಿದರೆ ಸಾಕಾಯಿತು. ಸಿಡಿಲು ಮಳೆಯ ಗದ್ದಲವೂ ಇಲ್ಲಿ ಬಹಳ ಕಡಿಮೆ. ಆದರೆ ವಿಎಚ್‌ಎಫ್ ಅಲೆ ಬಹುಪಾಲು ನೇರ ಸಾಗುತ್ತದೆ. 1000 ಮೀಟರ್ ಎತ್ತರದಲ್ಲಿರುವ ವಿಮಾನ ನೆಲದ ಕೇಂದ್ರಕ್ಕೆ ಸುಮಾರು 130 ಕಿಲೋಮೀಟರ್ ಆಚೆ ಮರೆಯಾಗುತ್ತದೆ.

ದಾರಿ ತೋರಿಸುವ ಕೆಲಸವೂ ಇದೇ ಪಟ್ಟಿಗೆ ಬಂತು. 108ರಿಂದ 118 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುವ ವಿಒಆರ್ ಕೇಂದ್ರ ಎರಡು ಸಂಕೇತಗಳನ್ನು ಕಳಿಸುತ್ತದೆ. ಒಂದು ಎಲ್ಲ ದಿಕ್ಕಿಗೂ ಒಂದೇ ತೆರನಾಗಿರುತ್ತದೆ, ಇನ್ನೊಂದು ಸೆಕೆಂಡಿಗೆ 30 ಸುತ್ತು ತಿರುಗುತ್ತದೆ. ಅವುಗಳ ನಡುವಿನ ಅಂತರವನ್ನು ಅಳೆದು ಗ್ರಾಹಕವು ವಿಮಾನ ಕೇಂದ್ರದ ಯಾವ ದಿಕ್ಕಿನಲ್ಲಿದೆ ಎಂದು ಲೆಕ್ಕ ಹಾಕುತ್ತದೆ. 1950ರಲ್ಲಿ ಅಮೆರಿಕದಲ್ಲಿ ವಿಒಆರ್ ಆಧರಿಸಿದ ವಾಯುಮಾರ್ಗಗಳು ಆರಂಭವಾದವು. ಕಿವಿಗೊಟ್ಟು ದಾರಿ ಹುಡುಕುವ ಶ್ರಮ ತಗ್ಗಿತು. ಅದರ ಬದಲು ಫಲಕದಲ್ಲಿ ಒಂದು ದುಂಡು ಉಪಕರಣ ಬಂತು: ದಾರಿಯನ್ನು ಆರಿಸಲು ಒಂದು ಗುಂಡಿ, ಎಡಬಲಕ್ಕೆ ವಾಲುವ ಒಂದು ಮುಳ್ಳು. ಅದನ್ನು ಕೂರಿಸಲು ಫಲಕದಲ್ಲಿ 3⅛ ಇಂಚು ವ್ಯಾಸದ ರಂಧ್ರ ಕೊರೆಯುವುದು ಮೆಕ್ಯಾನಿಕ್‌ಗಳ ದಿನನಿತ್ಯದ ಕೆಲಸವಾಯಿತು.

ಪೆನ್ಸಿಲ್ವೇನಿಯಾದ ನಾರ್ಕೊ ಕಂಪನಿಯ ಸೂಪರ್‌ಹೋಮರ್ ಈ ಹೊಸ ಕಾಲದ ಮೊದಲ ಜನಪ್ರಿಯ ಸೆಟ್‌ಗಳಲ್ಲಿ ಒಂದು. ಪ್ರೇಷಕ, ಗ್ರಾಹಕ, ವಿಒಆರ್ ಮೂರನ್ನೂ ಅದು ಸಣ್ಣ ವಿಮಾನದ ಮಾಲೀಕನ ಕೈಗೆಟುಕುವಂತೆ ಮಾಡಿತು. ಪ್ರೇಷಕದ ಕೆಲವೇ ಚಾನೆಲ್‌ಗಳು ಹರಳುಗಳಿಂದ ನಡೆಯುತ್ತಿದ್ದವು. ಗ್ರಾಹಕವನ್ನು ಮಾತ್ರ ಕೈಯಿಂದಲೇ ಹೊಂದಿಸಬೇಕಿತ್ತು. ಇಳಿಯುವ ಮುನ್ನದ ಅತ್ಯಂತ ಬಿಡುವಿಲ್ಲದ ಹೊತ್ತಿನಲ್ಲಿ ಪೈಲಟ್ ಗುಂಡಿ ತಿರುಗಿಸುತ್ತ ಗೋಪುರದ ದನಿಗಾಗಿ ಹುಡುಕುವ ಈ ಪಾಡನ್ನು ತಪ್ಪಿಸಿದ್ದು ಚಾನೆಲ್‌ವಾರು ಆಯ್ಕೆ. 1959ರಲ್ಲಿ ಕಾನ್ಸಾಸ್ ರಾಜ್ಯದಲ್ಲಿ ಎಡ್ ಕಿಂಗ್ ಆರಂಭಿಸಿದ ಕಿಂಗ್ ರೇಡಿಯೊ ಕಂಪನಿಯ ಮೊದಲ ಸರಕು ಕೆವೈ-90. ಅದರಲ್ಲಿ ಮಾತಾಡಲೂ ಕೇಳಲೂ ಹರಳಿನಿಂದ ನಿಶ್ಚಿತವಾದ 90 ಚಾನೆಲ್‌ಗಳಿದ್ದವು. ಅದೇ ವರ್ಷ ಸೆಸ್ನಾ ಕಂಪನಿ ಏರ್‌ಕ್ರಾಫ್ಟ್ ರೇಡಿಯೊ ಕಾರ್ಪೊರೇಷನ್ನನ್ನು ಕೊಂಡುಕೊಂಡಿತು. ವಿಮಾನ ತಯಾರಿಸುವವರೇ ರೇಡಿಯೊವನ್ನೂ ಕೂರಿಸಿ ಮಾರುವ ಕಾಲ ಹೀಗೆ ಬಂತು.

ಸ್ಟ್ಯಾಕ್ ರೂಪುಗೊಂಡದ್ದು

1960ರ ದಶಕದಲ್ಲಿ ಟ್ರಾನ್ಸಿಸ್ಟರ್ ವಾಲ್ವಿನ ಜಾಗವನ್ನು ಹಿಡಿಯಿತು. ಒತ್ತಡ ಏರಿಸುವ ಪೆಟ್ಟಿಗೆಗಳ ಅಗತ್ಯ ಕ್ರಮೇಣ ಇಲ್ಲವಾಯಿತು. ಬಾಲದಲ್ಲಿ, ಆಸನದ ಕೆಳಗೆ ಚದುರಿದ್ದ ಭಾಗಗಳೆಲ್ಲ ಒಂದೇ ಪೆಟ್ಟಿಗೆಯೊಳಗೆ ಸೇರಿ ಫಲಕಕ್ಕೆ ಬಂದವು. ಚಾನೆಲ್‌ಗಳ ನಡುವಿನ ಅಂತರ 100 ಕಿಲೋಹರ್ಟ್ಸ್‌ನಿಂದ 50ಕ್ಕೆ, ಮುಂದೆ 25ಕ್ಕೆ ಇಳಿಯಿತು. ಹಾಗೆಯೇ ಚಾನೆಲ್‌ಗಳು 360 ಆದವು, 720 ಆದವು. 1970ರ ದಶಕದಲ್ಲಿ ಕಿಂಗ್ ಕಂಪನಿಯ ಕೆಎಕ್ಸ್-170ಬಿ ಎಂಬ 720 ಚಾನೆಲ್‌ಗಳ ಸೆಟ್ ಲೆಕ್ಕವಿಲ್ಲದಷ್ಟು ಲಘು ವಿಮಾನಗಳಲ್ಲಿ ಕೂತಿತು. 1980ರ ದಶಕದ ಕೆಎಕ್ಸ್-155ರಲ್ಲಿ ಅಂಕಿಗಳು ಬೆಳಕಿನಲ್ಲಿ ಮೂಡುತ್ತಿದ್ದವು. ಮುಂದೆ ಬೇಕಾಗುವ ಆವರ್ತನವನ್ನು ಮೊದಲೇ ಹೊಂದಿಸಿಟ್ಟುಕೊಂಡು, ಹೊತ್ತು ಬಂದಾಗ ಒಂದೇ ಗುಂಡಿಯಿಂದ ಅದಕ್ಕೆ ಬದಲಾಯಿಸಿಕೊಳ್ಳಬಹುದಿತ್ತು.

ಫಲಕದ ವಿನ್ಯಾಸವೂ ಇದೇ ವೇಳೆಗೆ ಶಿಸ್ತಿಗೆ ಬಂತು. ಬ್ರಿಟನ್ನಿನ ವಾಯುಪಡೆ ಆರು ಮುಖ್ಯ ಉಪಕರಣಗಳ ನಿಶ್ಚಿತ ಜೋಡಣೆಯನ್ನು 1930ರ ದಶಕದಲ್ಲೇ ಜಾರಿಗೆ ತಂದಿತ್ತು. ಲಘು ವಿಮಾನಗಳಲ್ಲಿ ಮಾತ್ರ ಬಹುಕಾಲ ಉಪಕರಣಗಳು ಎಲ್ಲಿ ಜಾಗವಿತ್ತೋ ಅಲ್ಲಿ ಕೂತಿದ್ದವು. 1960ರ ದಶಕದ ಕೊನೆಯ ಹೊತ್ತಿಗೆ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಜೋಡಣೆ ಎಲ್ಲೆಡೆ ರೂಢಿಗೆ ಬಂತು. ವಾಲುವಿಕೆ ತೋರಿಸುವ ಉಪಕರಣ ನಡುವೆ, ಅದರ ಎಡಕ್ಕೆ ವೇಗ, ಬಲಕ್ಕೆ ಎತ್ತರ, ಕೆಳಗೆ ದಿಕ್ಕು. ಇವಿಷ್ಟು ಪೈಲಟ್‌ನ ಎದುರಿಗೆ ನೆಲೆಯಾದಾಗ ರೇಡಿಯೊಗಳಿಗೆ ಫಲಕದ ನಡುಭಾಗ ಸಿಕ್ಕಿತು. ಎರಡೂ ಆಸನಗಳಿಂದ ಕೈಗೆಟುಕುವ ಜಾಗ ಅದು. ಮೇಲೆ ಧ್ವನಿಯನ್ನು ಹಂಚುವ ಆಡಿಯೊ ಪ್ಯಾನೆಲ್, ಅದರ ಕೆಳಗೆ ಮಾತು ಮತ್ತು ದಾರಿಗಳೆರಡಕ್ಕೂ ಆಗುವ ಎರಡು ಸೆಟ್, ಆಮೇಲೆ ರೇಡಿಯೊ ದಿಕ್ಸೂಚಿ, ದೂರಮಾಪಕ, ತಳದಲ್ಲಿ ರೇಡಾರಿಗೆ ಗುರುತು ಹೇಳುವ ಟ್ರಾನ್ಸ್‌ಪಾಂಡರ್ ಎಂಬ ಅನುಕ್ರಮ ಬಹುತೇಕ ಸಂಪ್ರದಾಯವೇ ಆಯಿತು. ಯುರೋಪಿನ ಗ್ಲೈಡರ್‌ಗಳಲ್ಲಿ ಇಷ್ಟು ಅಗಲದ ಜಾಗವೂ ಇರಲಿಲ್ಲ. ಅವುಗಳಿಗಾಗಿ ಜರ್ಮನಿಯ ಬೆಕರ್‌ನಂಥ ತಯಾರಕರು ಸುಮಾರು 57 ಮಿಲಿಮೀಟರ್‌ನ ದುಂಡು ರಂಧ್ರದಲ್ಲೇ ಕೂರುವ ರೇಡಿಯೊಗಳನ್ನು ರೂಪಿಸಿದರು.

ಫಲಕದ ಹಿಂದಿನ ಕೆಲಸ

ಈ ಕಸುಬಿನ ಜೀವಾಳ ಟ್ರೇ ಎಂಬ ತೆಳು ಅಲ್ಯೂಮಿನಿಯಂ ತೊಟ್ಟಿ. ಫಲಕಕ್ಕೆ ಬಿಗಿಯುವುದು ಈ ಟ್ರೇಯನ್ನು. ರೇಡಿಯೊ ಅದರೊಳಗೆ ಜಾರಿ ಕೂರುತ್ತದೆ. ಟ್ರೇಯ ಹಿಂಗೋಡೆಯಲ್ಲಿ ವಿದ್ಯುತ್ ಮತ್ತು ಧ್ವನಿಯ ತಂತಿಗಳ ಕನೆಕ್ಟರ್ ಇರುತ್ತದೆ, ಪಕ್ಕದಲ್ಲಿ ಆಂಟೆನಾ ಕೇಬಲ್ಲಿನ ಕೊನೆ. ಮೆಕ್ಯಾನಿಕ್ ರೇಡಿಯೊವನ್ನು ಒಳಕ್ಕೆ ತಳ್ಳಿ, ಅದರ ಮುಖದಲ್ಲಿರುವ ಸಣ್ಣ ತೂತಿನೊಳಗೆ ಅಲೆನ್ ಕೀ ತೂರಿಸಿ ತಿರುಗಿಸುತ್ತಾನೆ. ಒಳಗಿನ ಕೊಕ್ಕೆ ಟ್ರೇಯ ತಳದ ಕಂಡಿಗೆ ಸಿಕ್ಕಿಕೊಂಡು ಪೆಟ್ಟಿಗೆಯನ್ನು ಹಿಂದಕ್ಕೆ ಎಳೆಯುತ್ತದೆ, ಕೊನೆಯ ಕೆಲವು ಸುತ್ತುಗಳಲ್ಲಿ ಕನೆಕ್ಟರ್‌ಗಳು ಒಂದರೊಳಗೊಂದು ಬಿಗಿಯಾಗಿ ಕೂರುತ್ತವೆ. ಟ್ರೇ ಒಂದೆರಡು ಮಿಲಿಮೀಟರ್ ಓರೆಯಾದರೂ ಪಿನ್‌ಗಳು ಪೂರ್ತಿ ಮುಟ್ಟುವುದಿಲ್ಲ. ನೆಲದಲ್ಲಿ ಸರಿಯಾಗಿ ನಡೆದ ಸೆಟ್ ಗಾಳಿಯಲ್ಲಿ ಆಗಾಗ ಮೂಕವಾಗುವುದಕ್ಕೆ ಇಂಥ ಅರೆಬರೆ ಜೋಡಣೆ ಒಂದು ಸಾಮಾನ್ಯ ಕಾರಣ. ಟ್ರೇ ಬಂದದ್ದರಿಂದ ಕೆಟ್ಟ ರೇಡಿಯೊವನ್ನು ಕೆಲವೇ ನಿಮಿಷಗಳಲ್ಲಿ ಹೊರತೆಗೆದು ದುರಸ್ತಿಗೆ ಕಳಿಸುವುದು ಸಾಧ್ಯವಾಯಿತು.

ಉದ್ದನೆಯ ಪೆಟ್ಟಿಗೆಯ ಭಾರವೆಲ್ಲ ಮುಂಭಾಗದ ಸ್ಕ್ರೂಗಳ ಮೇಲೇ ಬಿದ್ದರೆ ತೆಳು ಫಲಕ ಬಾಗುತ್ತದೆ, ಕಂಪನಕ್ಕೆ ಬಿರುಕು ಬಿಡುತ್ತದೆ. ಆದ್ದರಿಂದ ಟ್ರೇಯ ಹಿಂತುದಿಯನ್ನೂ ವಿಮಾನದ ಒಡಲಿಗೆ ಆನಿಸಿ ಬಿಗಿಯಬೇಕು. ಅಪಘಾತದಲ್ಲಿ ಪೆಟ್ಟಿಗೆ ಕಿತ್ತು ಬಂದು ಕೂತವರಿಗೆ ಬಡಿಯಬಾರದು. ಅಮೆರಿಕದ ವಿಮಾನಯಾನ ಆಡಳಿತ ಮೆಕ್ಯಾನಿಕ್‌ಗಳಿಗಾಗಿ ಹೊರಡಿಸಿದ ಕೈಪಿಡಿ ರೇಡಿಯೊದ ಜೋಡಣೆ ಮುಂದಿನ ದಿಕ್ಕಿಗೆ ಅದರ ತೂಕದ ಒಂಬತ್ತು ಪಟ್ಟು ಬಲವನ್ನು ತಾಳಬೇಕೆಂದು ಹೇಳುತ್ತದೆ. ಒಂದು ಪೆಟ್ಟಿಗೆ ಕೂರಿಸಿದರೂ ತೆಗೆದರೂ ವಿಮಾನದ ತೂಕ ಮತ್ತು ಭಾರಕೇಂದ್ರವನ್ನು ಮರುಲೆಕ್ಕ ಮಾಡಿ ದಾಖಲೆಯಲ್ಲಿ ಬರೆಯುವುದು ಕಡ್ಡಾಯ.

ತಂತಿಗಳ ಕೆಲಸ ಇನ್ನಷ್ಟು ತಾಳ್ಮೆ ಬೇಡುತ್ತದೆ. ಮೈಕ್ರೊಫೋನಿನ ಸಂಕೇತ ತೀರಾ ಕ್ಷೀಣ. ಅದರ ತಂತಿಗೆ ಲೋಹದ ಹೆಣಿಗೆಯ ಹೊದಿಕೆ ಬೇಕು, ಆ ಹೊದಿಕೆಯನ್ನು ಸಾಮಾನ್ಯವಾಗಿ ಒಂದೇ ತುದಿಯಲ್ಲಿ ವಿದ್ಯುತ್ತಿನ ‘ನೆಲ’ಕ್ಕೆ (ಗ್ರೌಂಡ್) ಜೋಡಿಸುತ್ತಾರೆ. ಇಲ್ಲವಾದರೆ ಆಲ್ಟರ್ನೇಟರಿನ ಕೀರಲು ದನಿ ಹೆಡ್‌ಫೋನಿಗೆ ನುಗ್ಗುತ್ತದೆ. ಪ್ರತಿ ಸೆಟ್ಟಿಗೂ ಪ್ರತ್ಯೇಕ ಸರ್ಕ್ಯೂಟ್ ಬ್ರೇಕರ್ ಇರುತ್ತದೆ. ಎಂಜಿನ್ ಚಾಲೂ ಮಾಡುವಾಗ ಏಳುವ ವಿದ್ಯುತ್ ಆಘಾತಕ್ಕೆ ಟ್ರಾನ್ಸಿಸ್ಟರುಗಳು ಬಲಿಯಾಗುವುದನ್ನು ತಪ್ಪಿಸಲು, ಎಲ್ಲ ರೇಡಿಯೊಗಳನ್ನು ಒಟ್ಟಿಗೆ ಆರಿಸುವ ಮಾಸ್ಟರ್ ಸ್ವಿಚ್ ಬಳಕೆಗೆ ಬಂತು. ತಂತಿಗಳ ಕಟ್ಟನ್ನು ಮೇಣ ಹಚ್ಚಿದ ದಾರದಿಂದ ಗೇಣು ಗೇಣಿಗೆ ಕಟ್ಟಿ, ಚುಕ್ಕಾಣಿಯ ಕೇಬಲ್ಲುಗಳಿಗೆ ತಾಗದಂತೆ ದೂರ ಒಯ್ಯಬೇಕು. ಚುಕ್ಕಾಣಿ ದಂಡ ಫಲಕದ ಹಿಂದೆಯೇ ಹಿಂದೆಮುಂದೆ ಜಾರುವ ವಿಮಾನಗಳಲ್ಲಿ ಈ ಎಚ್ಚರ ಪ್ರಾಣರಕ್ಷಣೆಯ ಮಾತು.

ಒತ್ತೊತ್ತಾಗಿ ಕೂತ ಪೆಟ್ಟಿಗೆಗಳಿಗೆ ಬಿಸಿ ದೊಡ್ಡ ಶತ್ರು. ಮೊದಲು ಹೊರಗಿನ ಗಾಳಿಯನ್ನು ಕೊಳವೆಯಲ್ಲಿ ತಂದು ಊದಿಸುತ್ತಿದ್ದರು. ಅದರೊಂದಿಗೆ ಮಳೆಯ ತೇವವೂ ಒಳಬರುತ್ತಿತ್ತು. ಆದ್ದರಿಂದ ಕಾಕ್‌ಪಿಟ್‌ನ ಗಾಳಿಯನ್ನೇ ಊದುವ ಪುಟ್ಟ ಫ್ಯಾನ್ ಅದರ ಜಾಗಕ್ಕೆ ಬಂತು. ಸ್ಪೀಕರಿನ ಅಯಸ್ಕಾಂತವೂ ತಂತಿಗಳಲ್ಲಿ ಹರಿಯುವ ವಿದ್ಯುತ್ತೂ ಕಾಂತೀಯ ದಿಕ್ಸೂಚಿಯನ್ನು ತಪ್ಪುದಾರಿಗೆ ಎಳೆಯುತ್ತವೆ. ಅದಕ್ಕೆ ಕೆಲಸ ಮುಗಿದ ಮೇಲೆ ವಿಮಾನವನ್ನು ಗೊತ್ತಿರುವ ದಿಕ್ಕುಗಳಿಗೆ ಒಂದೊಂದಾಗಿ ತಿರುಗಿಸಿ ನಿಲ್ಲಿಸಿ, ಎಷ್ಟು ವ್ಯತ್ಯಾಸ ಬರುತ್ತದೆಂದು ಅಳೆದು, ದಿಕ್ಸೂಚಿಯ ಕೆಳಗೆ ಚೀಟಿ ಅಂಟಿಸುತ್ತಾರೆ.

ಆಂಟೆನಾಗಳ ಜಾಗವೂ ಲೆಕ್ಕಾಚಾರದ್ದೇ. ಮಾತಿನ ಸರಳು ಸಾಮಾನ್ಯವಾಗಿ ಮಾಡಿನ ಮೇಲೆ, ವಿಒಆರ್‌ನ ಕವಲು ಆಂಟೆನಾ ಬಾಲದ ನೆತ್ತಿಯಲ್ಲಿ, ಟ್ರಾನ್ಸ್‌ಪಾಂಡರಿನ ಮೊಟಕು ಆಂಟೆನಾ ಹೊಟ್ಟೆಯ ಕೆಳಗೆ ಇರುತ್ತವೆ. ಸರಳು ಆಂಟೆನಾದ ಬುಡದಲ್ಲಿ ಲೋಹದ ಹಾಸು ಇರಲೇಬೇಕು. ಲೋಹದ ವಿಮಾನದಲ್ಲಿ ಒಡಲ ತಗಡೇ ಆ ಕೆಲಸ ಮಾಡುತ್ತದೆ. ಬಟ್ಟೆ ಹೊದಿಸಿದ ಇಲ್ಲವೇ ನಾರುಗಾಜಿನ ವಿಮಾನದಲ್ಲಿ ಒಳಗಿನಿಂದ ಲೋಹದ ಹಾಳೆಯನ್ನೋ ಪಟ್ಟಿಗಳನ್ನೋ ಅಂಟಿಸಬೇಕಾಗುತ್ತದೆ. ಬೆಂಗಳೂರಿನಲ್ಲಿ ತಯಾರಾದ ಲಘು ವಿಮಾನಗಳಲ್ಲಿ ಈ ಎರಡೂ ಬಗೆ ಇವೆ. 1958ರಲ್ಲಿ ಮೊದಲು ಹಾರಿ, ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ನೆಲೆಸಿದ ಎಚ್‌ಎಎಲ್‌ನ ಪುಷ್ಪಕ್ ಬಟ್ಟೆ ಹೊದಿಸಿದ ವಿಮಾನ. 1993ರಲ್ಲಿ ಮೊದಲು ಹಾರಿದ ಎನ್‌ಎಎಲ್‌ನ ಹಂಸ ಸಂಯುಕ್ತ ನಾರುಗಳಿಂದ ಮಾಡಿದ್ದು.

ಗಾಜಿನ ಫಲಕದ ಕಾಲ

1998ರಲ್ಲಿ ಬಂದ ಗಾರ್ಮಿನ್ ಜಿಎನ್‌ಎಸ್-430 ಮಾತಿನ ರೇಡಿಯೊ, ವಿಒಆರ್, ಉಪಗ್ರಹ ಮಾರ್ಗದರ್ಶನ, ನಕ್ಷೆ ನಾಲ್ಕನ್ನೂ ಒಂದೇ ಪೆಟ್ಟಿಗೆಗೆ ತಂದಿತು. ಗಾರ್ಮಿನ್ ಸ್ಥಾಪಕರಲ್ಲಿ ಒಬ್ಬರಾದ ಗ್ಯಾರಿ ಬರೆಲ್ ಹಿಂದೆ ಕಿಂಗ್ ರೇಡಿಯೊದಲ್ಲಿ ದುಡಿದವರು. ಹೊಸ ಪೆಟ್ಟಿಗೆಯ ಅಗಲವೂ ಹಳೆಯ 6.25 ಇಂಚೇ. ಹಾಗಾಗಿ ಅದು ಹಳೆಯ ವಿಮಾನಗಳ ಸ್ಟ್ಯಾಕಿನಲ್ಲಿ ಫಲಕವನ್ನು ಅಗಲಿಸದೆ ಕೂತಿತು.

2004ರ ಹೊತ್ತಿಗೆ ಗಾರ್ಮಿನ್ ಜಿ-1000 ವ್ಯವಸ್ಥೆ ಸೆಸ್ನಾ 182, ಡೈಮಂಡ್ ಡಿಎ-40 ಮುಂತಾದ ವಿಮಾನಗಳಲ್ಲಿ ಬಂದಾಗ ಸ್ಟ್ಯಾಕ್ ಎಂಬುದೇ ಮಾಯವಾಯಿತು. ಫಲಕದಲ್ಲಿ ಉಳಿದದ್ದು ಎರಡು ದೊಡ್ಡ ಪರದೆ, ಅವುಗಳ ಅಂಚಿನ ಗುಂಡಿಗಳು. ರೇಡಿಯೊಗಳು ಮತ್ತೆ ಕಣ್ಣಿಗೆ ಕಾಣದ ಗೂಡುಗಳಿಗೆ ಸರಿದವು. 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಹಂಸ-ಎನ್‌ಜಿಯಲ್ಲೂ ಡಿಜಿಟಲ್ ಪರದೆಗಳ ಕಾಕ್‌ಪಿಟ್ ಇದೆ. ಯುರೋಪಿನಲ್ಲಿ ಚಾನೆಲ್‌ಗಳ ಅಂತರ 8.33 ಕಿಲೋಹರ್ಟ್ಸ್‌ಗೆ ಇಳಿದದ್ದರಿಂದ ಸಾವಿರಾರು ಹಳೆಯ ಸೆಟ್‌ಗಳನ್ನು ಬದಲಿಸಬೇಕಾಯಿತು. ಅಮೆರಿಕದಲ್ಲಿ 2020ರ ಜನವರಿ 1ರಿಂದ ವಿಮಾನದ ಜಾಗವನ್ನು ತಾನಾಗಿ ಸಾರುವ ಉಪಕರಣ ಬಹುತೇಕ ನಿಯಂತ್ರಿತ ವಾಯುಪ್ರದೇಶಗಳಲ್ಲಿ ಕಡ್ಡಾಯವಾದಾಗಲೂ ದುರಸ್ತಿ ಕಾರ್ಯಾಗಾರಗಳಿಗೆ ಕೈತುಂಬ ಕೆಲಸ ಬಂತು.

ಫಲಕದ ಮುಖ ಇಷ್ಟು ಬದಲಾದರೂ ಅದರ ಹಿಂದಿನ ನಿಯಮಗಳು ಬದಲಾಗಿಲ್ಲ. ಕವಚ, ಒಳ್ಳೆಯ ನೆಲದ ಜೋಡಣೆ, ಗಟ್ಟಿ ಆಸರೆ, ತಂಪು, ಸರಿಯಾದ ಜಾಗದಲ್ಲಿ ಆಂಟೆನಾ: 1930ರ ದಶಕದ ಮೆಕ್ಯಾನಿಕ್ ಕಲಿತ ಈ ಪಾಠಗಳನ್ನೇ ಇಂದಿನವನೂ ಕಲಿಯುತ್ತಾನೆ. ಪೈಲಟ್‌ಗೆ ಬೇಕಾದಷ್ಟನ್ನು ಮಾತ್ರ ಅವನ ಕೈಗೂ ಕಣ್ಣಿಗೂ ಹತ್ತಿರ ತಂದು, ಉಳಿದದ್ದನ್ನೆಲ್ಲ ಅವನು ನೆನೆಯದೆಯೇ ನಡೆಯುವಂತೆ ಮಾಡುವುದು ಈ ಕಸುಬಿನ ಗುರಿಯಾಗಿ ಉಳಿದಿದೆ.